ಜಾರ್ಜ್ ಪ್ಲೆಬ್ಸ್ಟ್ ಅಯ್ಯನವರೂ ನಮ್ಮ ಮನೆಯ ನೆಲಹಂಚೂ

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಬೆಳ್ಳಾರೆಯ ದಾರಿ ಕವಲೊಡೆಯುವ ಕುಂಬ್ರ ಪೇಟೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅದರ ಸುತ್ತಲಿನ ಅಡಿಕೆ ತೋಟಗಳ ನಡುವೆ ಮುರಕಲ್ಲಿನ ಗೋಡೆಯೂ ಹಂಚಿನ ಮಾಡೂ ಉಳ್ಳ ಹಳೆಯ ಮನೆಗಳು ಇನ್ನೂ ಕೆಲವು ಉಳಿದಿರುತ್ತವೆ. ಅಂಥಾ ಒಂದು ಮನೆಯಲ್ಲಿ ನಾವು ವಾಸಿಸುತ್ತೇವೆ. ಅದರ ಚಾವಡಿಗೂ ಜಗಲಿಗೂ ಹಾಸಿರುವ ಕೆಂಪು ನೆಲಹಂಚುಗಳು ನಮ್ಮ ಹಿರಿಯರು ಕೂಲಿಯ ಹಣವನ್ನು ಕೂಡಿಸಿಟ್ಟು ಕೊಂಡವುಗಳು. ಕಳೆದ ಬೇಸಗೆಯಲ್ಲಿ ಮನೆಯ ಎಳೆಯರು ಈ ನೆಲವನ್ನು ಅಗೆದು ತೆಗೆದು ಕನ್ನಡಿಯಂತೆ ಹೊಳೆಯುವ ಹೊಸ ಟೈಲ್ಸುಗಳನ್ನು ಹಾಸಬೇಕೆಂದು ಹಟಹಿಡಿದರು. ನಾವೂ ಒಪ್ಪಿದೆವು. ಮೇಸ್ತ್ರಿಯು ಬಂದು ಮೂಲೆಯ ಒಂದು ಹಂಚನ್ನು ಎಬ್ಬಿಸಿ ಮಗುಚಿ ಹಾಕಿದಾಗ ಅದರ ಅಡಿಯಲ್ಲಿ ಬಾಸೆಲ್ ಮಿಶನ್ ಕಾರ್ಖಾನೆಯ ಮುದ್ರೆಯು ಮಸುಕಾಗದೆ ಇರುವದನ್ನು ಕಂಡೆವು. ಆ ದಿವಸ ಕೆಲಸವನ್ನು ನಿಲ್ಲಿಸಿದೆವು. ಈ ಹಂಚು ಯಾರ ಕೈಯಿಂದ, ಯಾವ ಅಗತ್ಯದಿಂದ ಹುಟ್ಟಿತೆಂಬದನ್ನು ಮನೆಯ ಎಳೆಯರಿಗೆ ವಿವರಿಸುತ್ತಾ ಹೋದಾಗ ನಮ್ಮ ಮನಸ್ಸೇ ತಿರುಗಿತು. ಆದದರಿಂದ ಹಂಚಿನ ಕೆಲಸವನ್ನು ನಮ್ಮ ಸೀಮೆಗೆ ತಂದ ಜಾರ್ಜ್ ಪ್ಲೆಬ್ಸ್ಟ್ ಅಯ್ಯನವರ ಜೀವಿತವನ್ನೂ ಆ ಹಂಚಿನ ನೆಲವನ್ನು ಆರಿಸಿ ಕಾಪಾಡುವ ಕ್ರಮವನ್ನೂ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಬಾಸೆಲ್ ಮಿಶನಿನ ಮೊದಲನೆಯ ಮೂವರು ಉಪದೇಶಕರಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು 1834ನೇ ಇಸವಿಯಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಮೇಗ್ಲಿಂಗ್ ಅಯ್ಯನವರು 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ಪತ್ರಿಕೆಯನ್ನು ಹೊರಡಿಸಿದರು. ಆಗ ಮಂಗಳೂರಿನಲ್ಲಿದ್ದದ್ದು ಕಲ್ಲಚ್ಚು ಮಾತ್ರ. ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ಈ ಕೆಲಸವು ನಿಧಾನವಾದದ್ದರಿಂದ ಸೀಸದ ಮೊಳೆಗಳಿಂದ ಅಚ್ಚುಹಾಕುವ ವಿದ್ಯೆಯನ್ನು ಬಲ್ಲವರೊಬ್ಬರು ಬೇಕಾದರು. ಹೀಗೆ 1851ರಲ್ಲಿ ಪ್ಲೆಬ್ಸ್ಟ್ ಅಯ್ಯನವರು ಜರ್ಮನಿ ದೇಶದಿಂದ ಮಂಗಳೂರಿಗೆ ಬಂದರು. ಅದೇ ವರುಷ ಹಾಲ್ಲರ್ ಎಂಬ ನೇಕಾರರೂ ಬಂದರು. ಇವರಿಬ್ಬರೂ ಪೀಠದ ಮೇಲೆ ನಿಂತು ಪ್ರಸಂಗ ಮಾಡುವದಕ್ಕಾಗಿ ಕಳುಹಿಸಲ್ಪಟ್ಟವರಲ್ಲ. ಕೈಕೆಲಸವನ್ನು ಕಲಿಸುವದಕ್ಕಾಗಿ ಬಂದವರು. ಪ್ಲೆಬ್ಸ್ಟರು ಮೊಳೆಯಚ್ಚಿನ ಕೆಲಸವನ್ನು ಮಂಗಳೂರಿನಲ್ಲಿ ನೆಲೆಗೊಳಿಸಿದರು. ಮುಂದೆ 1894ರಲ್ಲಿ ಕಿಟ್ಟೆಲ್ ಅಯ್ಯನವರ ದೊಡ್ಡ ನಿಘಂಟು ಹೊರಬಿದ್ದದ್ದು ಅದೇ ಮುದ್ರಾಲಯದಿಂದ. ಪ್ಲೆಬ್ಸ್ಟರು ಅಲ್ಲಿಗೇ ನಿಂತಿದ್ದರೂ ಕನ್ನಡಿಗರು ಅವರನ್ನು ನೆನಸುವದಕ್ಕೆ ಕಾರಣ ಸಾಕಾಗಿತ್ತು.

ಆದರೆ ಆ ಕಾಲದ ಸಭೆಗಳಲ್ಲಿ ಒಂದು ದೊಡ್ಡ ಸಂಕಟವಿತ್ತು. ಕ್ರೈಸ್ತರಾದವರಲ್ಲಿ ಬಿಲ್ಲವರು ಬಹುಮಂದಿ ಇದ್ದರು. ಅವರಲ್ಲಿ ಅನೇಕರು ಶೇಂದಿ ಇಳಿಸುವ ಕಸುಬನ್ನು ಬಿಡಬೇಕಾಯಿತು. ಗೇಣಿಯ ಭೂಮಿಯಿದ್ದವರಲ್ಲಿ ಕೆಲವರನ್ನು ಭೂಮಿಯ ಒಡೆಯರು ಒಕ್ಕಲೆಬ್ಬಿಸಿದರು. ಕುಲದವರು ಅವರೊಂದಿಗೆ ಊಟ ಒಕ್ಕಲುತನಗಳ ಬಳಕೆಯನ್ನು ಬಿಟ್ಟರು. ಒಂದೇ ದಿವಸದಲ್ಲಿ ಮನೆ, ಬೆಳೆ, ಬಂಧುಗಳು ಇವೆಲ್ಲವನ್ನೂ ಕಳಕೊಂಡ ಸಂಸಾರಕ್ಕೆ ಊಟಕ್ಕೇನು ಮಾಡಬೇಕೆಂಬ ಪ್ರಶ್ನೆಯು ಎದುರಾಯಿತು. ದಾನದ ಅಕ್ಕಿಯಿಂದ ಕೆಲವು ದಿವಸ ಬದುಕಬಹುದು. ತಲೆಯೆತ್ತಿ ಬಾಳುವದು ಆಗದು. ಮಿಶನಿನವರು ಬೇಸಾಯವೇ ಮೊದಲಾದ ಹಲವು ಯತ್ನಗಳನ್ನು ಮಾಡಿ ಕೆಲವುಗಳಲ್ಲಿ ಸೋತರು. ಹಾಲ್ಲರ್ ಅಯ್ಯನವರ ಮಗ್ಗಗಳು ನಡೆದವು. ಖಾಕಿ ಬಣ್ಣದ ಬಟ್ಟೆಗೆ ಹೆಸರೂ ಬಂತು. ಆದರೂ ಕೆಲಸ ಬೇಡುವ ಕೈಗಳು ಮಗ್ಗಗಳಿಗಿಂತ ಹೆಚ್ಚಾಗಿದ್ದವು.

ಪ್ಲೆಬ್ಸ್ಟರ ಕಣ್ಣು ಹೊಳೆಯ ದಡದ ಮಣ್ಣಿನ ಮೇಲೆ ಬಿದ್ದದ್ದು ಇಂಥಾ ಸಮಯದಲ್ಲಿ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದಲ್ಲಿ ನಯವಾದ ಜೇಡಿಮಣ್ಣು ರಾಶಿರಾಶಿಯಾಗಿತ್ತು. ನಮ್ಮ ಊರಿನವರು ಇದನ್ನು ಗಮನಿಸತಕ್ಕದ್ದು. ಸುಬ್ರಹ್ಮಣ್ಯದ ಬೆಟ್ಟಗಳಿಂದ ಇಳಿದು ಕಡಬದ ಸೀಮೆಯನ್ನು ಹಾದು ಬರುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದಲ್ಲವೇ. ಮಳೆಗಾಲದಲ್ಲಿ ನಮ್ಮ ಗುಡ್ಡಗಳಿಂದ ಕೊಚ್ಚಿಹೋದ ಮಣ್ಣಿನ ನಯವಾದ ಪಾಲು ಸಮುದ್ರದ ಹತ್ತಿರ ನೀರು ನಿಧಾನವಾಗುವಲ್ಲಿ ಅಡಿಗೆ ಇಳಿದು ನಿಲ್ಲುತ್ತದೆ. ಅದರಲ್ಲಿ ಕಬ್ಬಿಣದ ಅಂಶವು ಇರುವದರಿಂದ ಬೆಂದಾಗ ಕೆಂಪಾಗುತ್ತದೆ. ಊರಿನ ಕುಂಬಾರರು ಈ ಮಣ್ಣಿನಿಂದ ಮಡಕೆಯನ್ನೂ ಅರ್ಧಗೋಲದ ನಾಡಹಂಚನ್ನೂ ಮೊದಲಿನಿಂದಲೂ ಮಾಡುತ್ತಿದ್ದರು. ಪ್ಲೆಬ್ಸ್ಟರು ಹೊಸ ಮಣ್ಣನ್ನು ಹುಡುಕಲಿಲ್ಲ. ಎಲ್ಲರೂ ತುಳಿದು ನಡೆಯುತ್ತಿದ್ದ ಮಣ್ಣಿನಲ್ಲಿ ನೂರಾರು ಮನೆಗಳ ಅನ್ನವು ಅಡಗಿರುವದನ್ನು ಕಂಡದ್ದೇ ಅವರ ಹೆಚ್ಚಳ.

ಅವರು ಸ್ವದೇಶಕ್ಕೆ ಹೋಗಿದ್ದ ಕಾಲದಲ್ಲಿ ಕುಂಬಾರರ ವಿದ್ಯೆಯನ್ನು ಕ್ರಮವಾಗಿ ಅಭ್ಯಾಸಮಾಡಿದರು. ಅಚ್ಚುಕೂಟದ ಪಾರುಪತ್ಯಗಾರರಾಗಿ ಗೌರವ ಪಡೆದಿದ್ದವರು ಮತ್ತೆ ಶಿಷ್ಯರಾಗಿ ಕೆಸರಿನಲ್ಲಿ ಕೈಯಿಟ್ಟದ್ದು ಸಣ್ಣ ಸಂಗತಿಯಲ್ಲ. ಆಗ ಯೂರೋಪಿನಲ್ಲಿ ಒಂದು ಹೊಸ ಬಗೆಯ ಹಂಚು ಬಳಕೆಗೆ ಬಂದಿತ್ತು. ಅಲ್ಸಾಸ್ ಸೀಮೆಯ ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದು ಹಂಚು ಇನ್ನೊಂದನ್ನು ಕಚ್ಚಿ ಹಿಡಿಯುವ ಚಪ್ಪಟೆಯಾದ ಹಂಚಿಗೆ ಹಕ್ಕುಪತ್ರವನ್ನು ಪಡೆದಿದ್ದರು. ನಾಡಹಂಚಿಗಿಂತ ಇದು ಮಾಡಿಗೆ ಹಗುರವಾದದ್ದು, ಗಾಳಿಗೆ ಜಾರದು, ಮಳೆಯನ್ನು ಒಳಗೆ ಬಿಡದು. ಈ ಬಗೆಯ ಹಂಚನ್ನು ನಮ್ಮ ಮಣ್ಣಿನಿಂದ ಮಾಡಬಹುದೋ ಎಂದು ಪ್ಲೆಬ್ಸ್ಟರು ಪರೀಕ್ಷಿಸಿದರು. ಮಣ್ಣು ಜಿಗುಟು ಹೆಚ್ಚಾದರೆ ಒಣಗುವಾಗ ಬಿರಿಯುತ್ತದೆ, ಮರಳು ಹೆಚ್ಚಾದರೆ ಪುಡಿಯಾಗುತ್ತದೆ, ಬೆಂಕಿಯು ಕಡಿಮೆಯಾದರೆ ನೀರಿನಲ್ಲಿ ಕರಗುವಂತಾಗುತ್ತದೆ, ಹೆಚ್ಚಾದರೆ ಸೊಟ್ಟಗಾಗುತ್ತದೆ. ಇವುಗಳ ನಡುವಿನ ಹದವನ್ನು ಹಿಡಿಯುವದೇ ಈ ಕೆಲಸದ ಗುಟ್ಟು.

1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆಯು ಪ್ರಾರಂಭವಾಯಿತು. ಮಣ್ಣನ್ನು ಕಲಸುವ ಯಂತ್ರವನ್ನು ತಿರುಗಿಸುವದಕ್ಕೆ ಒಂದು ಜೋಡಿ ಎತ್ತು. ದಿವಸಕ್ಕೆ ಆಗುತ್ತಿದ್ದ ಹಂಚು 560. ಅಷ್ಟೇ ಅದರ ಮೊದಲು. ಅಗೆದ ಮಣ್ಣನ್ನು ರಾಶಿಹಾಕಿ ಹದಮಾಡಿ, ಕಲಸಿ, ಅಚ್ಚಿನಲ್ಲಿ ಒತ್ತಿ, ಬಿಸಿಲು ನೇರವಾಗಿ ತಾಗದ ಚಪ್ಪರದಲ್ಲಿ ಹಲವು ದಿವಸ ಆರಿಸಿ, ಭಟ್ಟಿಯಲ್ಲಿ ಅಡುಕಿ, ಸೌದೆಯ ಬೆಂಕಿಯನ್ನು ಮೆಲ್ಲಮೆಲ್ಲನೆ ಏರಿಸಿ ಬೇಯಿಸುತ್ತಿದ್ದರು. ಬೆಂದ ಮೇಲೆ ಭಟ್ಟಿಯು ತಾನಾಗಿ ತಣಿಯುವ ವರೆಗೆ ಕಾದಿರಬೇಕಾಗಿತ್ತು. ಆತುರದಿಂದ ಬಾಗಿಲು ತೆರೆದರೆ ತಣ್ಣನೆಯ ಗಾಳಿ ತಾಗಿ ಹಂಚೆಲ್ಲವೂ ಬಿರಿಯುವದು. ಹೆಂಗಸರಿಗೂ ಗಂಡಸರಿಗೂ ಅಲ್ಲಿ ಕೂಲಿ ಸಿಕ್ಕಿತು.

ಕೆಲಸವು ಬೇಗನೆ ಬೆಳೆಯಿತು. 1868ರಲ್ಲಿ ಆಲ್ಬುಕರ್ಕ್ ಎಂಬವರು ತಮ್ಮ ಕಾರ್ಖಾನೆಯನ್ನು ತೆರೆದರು. ಈ ದೇಶದವರೊಬ್ಬರು ಇಂಥಾ ಹಂಚಿನ ಕೆಲಸವನ್ನು ಕೈಕೊಂಡದ್ದು ಅದೇ ಮೊದಲು. ಆ ಮೇಲೆ ಹೊಳೆಯ ದಡದುದ್ದಕ್ಕೂ ಭಟ್ಟಿಗಳ ಕೊಳವೆಗಳು ಎದ್ದವು. ಮಿಶನಿನವರು ತಾವೂ ಕುದ್ರೋಳಿಯಲ್ಲಿಯೂ ಮಲ್ಪೆಯಲ್ಲಿಯೂ ಮಲಯಾಳ ಸೀಮೆಯಲ್ಲಿಯೂ ಕಾರ್ಖಾನೆಗಳನ್ನು ಕಟ್ಟಿದರು. ಮಂಗಳೂರು ಹಂಚೆಂಬ ಹೆಸರು ಹಡಗನ್ನೇರಿ ಸಿಂಹಳಕ್ಕೂ ಬರ್ಮಕ್ಕೂ ಪೂರ್ವ ಆಫ್ರಿಕಕ್ಕೂ ಹೋಯಿತು. ಮಾಡಿನ ಹಂಚಿನೊಂದಿಗೆ ಮೂಲೆಹಂಚು, ನೀರಿನ ಕೊಳವೆ, ಹೂವಿನ ಕುಂಡ ಮತ್ತು ನಾವು ಈಗ ಹೇಳುತ್ತಿರುವ ನೆಲಹಂಚುಗಳೂ ಆ ಭಟ್ಟಿಗಳಿಂದ ಹೊರಟವು. ನೇತ್ರಾವತಿಯಲ್ಲಿ ದೋಣಿಗಳು ಪಾಣೆಮಂಗಳೂರಿನ ವರೆಗೆ ಸರಕು ತರುತ್ತಿದ್ದ ಕಾಲವದು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ನಮ್ಮ ಗುಡ್ಡದ ಮಣ್ಣು ನೀರಿನಲ್ಲಿ ಇಳಿದುಹೋಗಿ ಬೆಂಕಿಯನ್ನು ಹಾದು ಹಂಚಾಗಿ ಪುನಃ ನಮ್ಮ ಬೆಟ್ಟಗಳಿಗೆ ಏರಿಬಂತು.

ಒಳ್ಳೆಯದನ್ನು ಮಾತ್ರ ಹೇಳಿ ಮುಗಿಸಿದರೆ ಜೀವಿತದ ಕಥೆಯು ಸತ್ಯವಾಗದು. ಕಾರ್ಖಾನೆಯ ಗಂಟೆಗೆ ಸರಿಯಾಗಿ ದುಡಿಯುವದು ಹೊಲದಲ್ಲಿ ದುಡಿದವರಿಗೆ ಕಷ್ಟವಾಗಿತ್ತು. ಭಟ್ಟಿಗಳು ಬಹಳ ಕಾಡನ್ನು ನುಂಗಿದವು. ಅಲ್ಲದೆ ಸಭೆ, ಶಾಲೆ, ಕೂಲಿ ಈ ಮೂರೂ ಒಂದೇ ಕೈಯಿಂದ ಬರುವದರಿಂದ ಅನೇಕರು ಎಲ್ಲದಕ್ಕೂ ಮಿಶನನ್ನೇ ನೋಡುವವರಾದರು. 1914ರಲ್ಲಿ ಮಹಾಯುದ್ಧವು ಪ್ರಾರಂಭವಾದಾಗ ಇದರ ಅಪಾಯವು ಎಲ್ಲರಿಗೂ ತಿಳಿಯಿತು. ಜರ್ಮನರಾದ ಅಯ್ಯನವರು ಬಂಧಿಸಲ್ಪಟ್ಟರು. ಕಾರ್ಖಾನೆಗಳು ಮಿಶನಿನ ಕೈಬಿಟ್ಟು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಹೆಸರೂ ಯಜಮಾನರೂ ಹೋದರೂ ಜನರ ಕೈಯಲ್ಲಿದ್ದ ವಿದ್ಯೆಯನ್ನು ಯಾವ ಸರಕಾರವೂ ಜಪ್ತಿಮಾಡಲಾರದೆ ಹೋಯಿತು. ಮಣ್ಣಿನ ಹದವನ್ನು ಬಲ್ಲವರು ಎಲ್ಲಿ ಹೋದರೂ ಅನ್ನ ಕಂಡರು. ಪ್ಲೆಬ್ಸ್ಟರು ಕೊಟ್ಟುಹೋದ ನಿಜವಾದ ಆಸ್ತಿಯು ಇದೇ ಎಂದು ನಾವು ಎಣಿಸುತ್ತೇವೆ.

ಇನ್ನು ನೆಲದ ವಿಷಯ. ಪ್ಲೆಬ್ಸ್ಟರು ಭಟ್ಟಿಯ ಬಾಯಲ್ಲಿ ಎದುರಿಸಿದ ಪ್ರಶ್ನೆಗಳೇ ಇಂದು ಅಂಗಡಿಯಲ್ಲಿ ನೆಲಹಂಚನ್ನು ಕೊಳ್ಳುವವರ ಎದುರಿಗೂ ಇವೆ. ಹಂಚು ಸರಿಯಾಗಿ ಬೆಂದಿದೆಯೋ ಎಂಬದೇ ಅವುಗಳಲ್ಲಿ ಮುಖ್ಯವಾದದ್ದು. ಹಂಚನ್ನು ಬೆರಳಿನ ತುದಿಯಲ್ಲಿ ತೂಗುಹಾಕಿ ಗೆಣ್ಣಿನಿಂದ ತಟ್ಟಿರಿ. ಬೆಂದ ಹಂಚು ಕಂಚಿನಂತೆ ಖಣಿಲೆನ್ನುವದು. ಹಸಿಯಾದದ್ದೂ ಒಳಗೆ ಬಿರಿದದ್ದೂ ದಬ್ಬೆನ್ನುವದು. ಎರಡು ಹಂಚುಗಳನ್ನು ಮುಖಕ್ಕೆ ಮುಖ ಇಟ್ಟು ನೋಡಿದರೆ ಸೊಟ್ಟವು ತಿಳಿಯುವದು. ಮೈಮೇಲೆ ಬಿಳಿಯ ಕಾಳಿನಂಥಾ ಚುಕ್ಕೆಗಳಿದ್ದರೆ ಅವು ಸುಣ್ಣದ ಕಲ್ಲುಗಳು. ತೇವ ತಾಗಿದಾಗ ಉಬ್ಬಿ ಹಂಚಿನ ಮೇಲ್ಮೈಯನ್ನು ಹಾರಿಸುವವು. ಅಂಥವುಗಳನ್ನು ಬಿಡತಕ್ಕದ್ದು.

ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಚೆನ್ನಾಗಿ ಒಣಗಿದ ಒಂದು ಹಂಚನ್ನು ತೂಕಮಾಡಿ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಒರಸಿ ಪುನಃ ತೂಗಿರಿ. 1 ಕಿಲೋ ಇದ್ದದ್ದು 1 ಕಿಲೋ 50 ಗ್ರಾಮಿಗೆ ಮೀರದಿದ್ದರೆ ಅದು ಗಟ್ಟಿಯಾದ ಹಂಚು. ಅಡಿಗೆ ಕೋಣೆಗೂ ಮಳೆ ಬೀಸುವ ಜಗಲಿಗೂ ಆಗುವದು. 100 ಗ್ರಾಮಿಗೆ ಮಿಕ್ಕಿ ನೀರು ಕುಡಿದರೆ ಒಳಗಿನ ಒಣ ಕೋಣೆಗಳಲ್ಲಿ ಮಾತ್ರ ಹಾಸತಕ್ಕದ್ದು. ಬಣ್ಣವು ಹಂಚಿನಿಂದ ಹಂಚಿಗೆ ಸ್ವಲ್ಪ ಬೇರೆಯಾಗಿರುವದು ದೋಷವಲ್ಲ. ಭಟ್ಟಿಯೊಳಗೆ ಬೆಂಕಿಯು ಎಲ್ಲಾ ಕಡೆಯಲ್ಲಿಯೂ ಒಂದೇ ಪ್ರಕಾರ ಇರುವದಿಲ್ಲ. ಹಲವು ಕಟ್ಟುಗಳಿಂದ ತೆಗೆದು ಬೆರಸಿ ಹಾಸಿದರೆ ನೆಲವು ಚೆಲುವಾಗಿ ಕಾಣುವದು. ಲೆಕ್ಕಕ್ಕಿಂತ ಒಂದೆರಡು ಡಜನು ಹೆಚ್ಚಾಗಿ ಕೊಂಡು ಅಟ್ಟದಲ್ಲಿ ಇಡಿರಿ. ಒಡೆದ ದಿವಸ ಅದೇ ಅಳತೆಯದು ಸಿಕ್ಕುವದು ಕಷ್ಟ.

ಹಾಸುವಾಗ ಅಡಿಯ ನೆಲವು ಗಟ್ಟಿಯಾಗಿಯೂ ಒರಲೆಯಿಲ್ಲದೆಯೂ ಇರಬೇಕು. ಒಣ ಹಂಚು ಗಾರೆಯ ನೀರನ್ನು ಹೀರುವದರಿಂದ ಗಾರೆಯು ಹಿಡಿಯದೆ ಟೊಳ್ಳಾಗುವದು. ಆದಕಾರಣ ನೀರು ಕುಡಿಯುವ ಹಂಚನ್ನು ಮೊದಲು ನೀರಿನಲ್ಲಿ ನೆನಸಿ, ಮೇಲಿನ ನೀರು ಬಸಿದ ಮೇಲೆ ಹಾಸತಕ್ಕದ್ದು. ಹಂಚಿಗೂ ಹಂಚಿಗೂ ನಡುವೆ ಕಾಲು ಇಂಚಿನ ಸಂದು ಬಿಟ್ಟರೆ ಅಳತೆಯ ಸಣ್ಣ ವ್ಯತ್ಯಾಸವು ಅದರಲ್ಲಿ ಅಡಗುವದು. ಜಗಲಿಗೆ 8 ಅಡಿಗೆ 1 ಇಂಚಿನಷ್ಟು ಅಂಗಳದ ಕಡೆಗೆ ಇಳಿಜಾರು ಇರಲಿ. ಇಲ್ಲವಾದರೆ ಆಟಿ ತಿಂಗಳ ಎರಚಲು ಅಲ್ಲಿಯೇ ನಿಂತು ಹಾವಸೆ ಕಟ್ಟುವದು.

ಕಾಪಾಡುವ ಕ್ರಮವು ಸುಲಭ. ನೆಲವನ್ನು ಹೆಚ್ಚಾಗಿ ಸವೆಸುವದು ಕಾಲಿಗೆ ಅಂಟಿ ಬರುವ ಮರಳು. ಬಾಗಿಲಲ್ಲಿ ತೆಂಗಿನ ನಾರಿನ ಹಾಸು ಇರಲಿ, ದಿನಾಲು ಗುಡಿಸಿರಿ. ಒರಸುವದಕ್ಕೆ ಶುದ್ಧ ನೀರು ಸಾಕು. ಸಾಬೂನು ಹೆಚ್ಚಾದರೆ ಪದರು ಕಟ್ಟಿ ಕೊಳೆಯನ್ನು ಹಿಡಿದಿಡುವದು. ಎಣ್ಣೆ ಚೆಲ್ಲಿದರೆ ಉಜ್ಜಬೇಡಿರಿ. ಸೀಮೆಸುಣ್ಣದ ಪುಡಿಯನ್ನಾಗಲಿ ಒಣ ಬೂದಿಯನ್ನಾಗಲಿ ಹಾಕಿ ಮರುದಿವಸ ಗುಡಿಸಿರಿ. ಎಲೆಯಡಿಕೆಯ ಉಗುಳೂ ಅಡಿಕೆಯ ಕರೆಯೂ ಹಂಚಿನ ಸೂಕ್ಷ್ಮ ರಂಧ್ರಗಳಿಗೆ ಇಳಿದರೆ ಹೋಗುವದು ಕಷ್ಟ. ಆ ಕೂಡಲೆ ತೊಳೆಯತಕ್ಕದ್ದು. ಮಳೆಗಾಲದ ಹಾವಸೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೆಗೆಯಿರಿ. ಒರಟು ಹಂಚಿನ ಮೇಲೆ ಒದ್ದೆ ಕಾಲು ಜಾರದಿದ್ದರೂ ಹಾವಸೆಯ ಮೇಲೆ ಜಾರುವದು ನಿಶ್ಚಯ.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರುಷಗಳ ಹಿಂದೆ ಚಾವಡಿಯ ಹಂಚಿನ ಮೇಲೆ ಉಪ್ಪಿನಂಥಾ ಬಿಳುಪು ಕಂಡಾಗ ಅಂಗಡಿಯಿಂದ ಆಸಿಡ್ ತಂದು ತೊಳೆದೆವು. ಬಿಳುಪು ಎರಡು ವಾರ ಮಾಯವಾಗಿ ಮೊದಲಿಗಿಂತ ಹೆಚ್ಚಾಗಿ ಬಂತು. ಸಂದಿನ ಗಾರೆಯೂ ಕರಗಿತು. ಆ ಬಿಳುಪು ಕೊಳೆಯಲ್ಲ. ಅಡಿಯಿಂದ ಏರುವ ನೀರು ತನ್ನೊಂದಿಗೆ ತಂದು ಮೇಲೆ ಬಿಟ್ಟುಹೋಗುವ ಲವಣ. ಒಣ ಹಿಡಿಸೂಡಿಯಿಂದ ಗುಡಿಸಿ ತೆಗೆದು, ನೀರು ಎಲ್ಲಿಂದ ಬರುವದೆಂದು ಹುಡುಕಬೇಕು. ನಮ್ಮಲ್ಲಿ ಗೋಡೆಯ ಹಿಂದಿನ ಚರಂಡಿಯು ಮಣ್ಣು ತುಂಬಿ ನಿಂತಿತ್ತು. ಅದನ್ನು ಬಿಡಿಸಿದ ಮೇಲೆ ಎರಡು ಬೇಸಗೆಗಳಲ್ಲಿ ಬಿಳುಪು ತಾನಾಗಿ ನಿಂತಿತು. ಬಿಂಬುಳಿ, ಹುಣಿಸೆಹುಳಿಗಳು ಹಿತ್ತಾಳೆ ಪಾತ್ರೆಗೆ ಒಳ್ಳೆಯವಾದರೂ ಇದೇ ಕಾರಣದಿಂದ ಹಂಚಿನ ನೆಲಕ್ಕೆ ಸಲ್ಲವು.

ನೆಲವು ಮಂಕಾಗಿದ್ದರೆ ಮಾರ್ಚ್ ಎಪ್ರಿಲ್ ತಿಂಗಳುಗಳಲ್ಲಿ, ಹಂಚು ಪೂರ್ಣವಾಗಿ ಒಣಗಿರುವಾಗ, ಕುದಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ಬಹಳ ತೆಳ್ಳಗೆ ಸವರಿ, ಸ್ವಲ್ಪ ಹೊತ್ತಿನ ಮೇಲೆ ಉಳಿದದ್ದನ್ನು ಒರಸಿ ತೆಗೆಯಿರಿ. ಅದು ಒಣಗಿದ ಮೇಲೆ ಇನ್ನೊಂದು ಸಾರಿ. ದಪ್ಪವಾಗಿ ಬಿಟ್ಟರೆ ಅಂಟಾಗಿ ಧೂಳು ಹಿಡಿಯುವದು. ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಮೂಲೆಯಲ್ಲಿ ಎಸೆಯಬಾರದು. ಅದು ತಾನಾಗಿ ಕಾದು ಬೆಂಕಿ ಹತ್ತುವದುಂಟು. ಹೊರಗೆ ಹರಡಿ ಒಣಗಿಸಿರಿ. ಅಡಿಯಿಂದ ತೇವ ಬರುವ ನೆಲಕ್ಕೆ ಹೊಳಪಿನ ವಾರ್ನಿಷು ಬೇಡ. ಏರಿಬರುವ ನೀರಿಗೆ ದಾರಿಯಿಲ್ಲದೆ ಅದು ಪೊರೆಯಂತೆ ಸುಲಿಯುವದು.

ಪ್ಲೆಬ್ಸ್ಟ್ ಅಯ್ಯನವರು ಗತಿಸಿ ನೂರು ವರುಷಗಳು ಮಿಕ್ಕಿವೆ. ಕಾಂಕ್ರೀಟಿನ ಮಾಡು ಬಂದದ್ದರಿಂದಲೂ ಮಣ್ಣು ಮತ್ತು ಸೌದೆಯ ಅಭಾವದಿಂದಲೂ ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ಒಂದು ಕಾಲದಲ್ಲಿ ಹಸಿದವರಿಗೆ ಅನ್ನ ಕೊಟ್ಟ ಭಟ್ಟಿಗಳಲ್ಲಿ ಈಗ ಗಿಡಗಳು ಬೆಳೆದಿವೆ. ಅವರಿಗೆ ನಾವು ಮಾಡತಕ್ಕ ಗೌರವವು ದೊಡ್ಡ ಕಲ್ಲನ್ನು ನಿಲ್ಲಿಸುವದರಲ್ಲಿ ಇಲ್ಲ. ಅವರು ಕಲಿಸಿದವರ ಕೈಗಳು ಮಾಡಿಕೊಟ್ಟದ್ದು ಇನ್ನೂ ಗಟ್ಟಿಯಾಗಿರುವಾಗ ಹಳತಾಯಿತೆಂಬ ಒಂದೇ ಕಾರಣದಿಂದ ಅದನ್ನು ಒಡೆದು ತಿಪ್ಪೆಗೆ ಹಾಕದಿರುವದು ಗೌರವವೇ ಸರಿ.

ನಮ್ಮ ಮನೆಯಲ್ಲಿ ಮೇಸ್ತ್ರಿಯು ಮಗುಚಿದ್ದ ಹಂಚನ್ನು ತೊಳೆದು ನೆನಸಿ ಅದೇ ಮೂಲೆಯಲ್ಲಿ ಕೂರಿಸಿದನು. ಒಡೆದಿದ್ದ ಏಳು ಹಂಚುಗಳನ್ನು ನಡುವಿನಿಂದ ಒಡೆದು ತೆಗೆದು, ಅಟ್ಟದಲ್ಲಿದ್ದವುಗಳಿಂದ ಆ ತಾವನ್ನು ತುಂಬಿಸಿದನು. ಹೊಸ ನೆಲಕ್ಕೆಂದು ಇಟ್ಟ ಹಣದ ಬಹುಪಾಲು ಉಳಿಯಿತು. ಅದು ಮನೆಯ ಹುಡುಗಿಯೊಬ್ಬಳು ಕಸುಬು ಕಲಿಯುವದಕ್ಕೆ ಉಪಯೋಗವಾಯಿತು. ನೆಲದ ಖರ್ಚು ಕೈವಿದ್ಯೆಗೆ ಹೋದದ್ದನ್ನು ಕಂಡರೆ ಪ್ಲೆಬ್ಸ್ಟ್ ಅಯ್ಯನವರು ಬೇಸರಪಡಲಾರರೆಂದು ನಂಬುತ್ತೇವೆ. ವಯಸ್ಸಾದ ನಮ್ಮ ತಾಯಿಯವರು ಈ ಮಳೆಗಾಲದಲ್ಲಿಯೂ ಒದ್ದೆ ಕಾಲಿನಲ್ಲಿ ಜಗಲಿಯನ್ನು ಭಯವಿಲ್ಲದೆ ದಾಟುತ್ತಾರೆ. ವಾಚಕರೇ, ನಿಮ್ಮ ಮನೆಯಲ್ಲಿಯೂ ಇಂಥಾ ನೆಲವಿದ್ದರೆ ಹಾರೆಯನ್ನು ಎತ್ತುವ ಮುಂಚೆ ಒಂದು ಹಂಚನ್ನು ತಟ್ಟಿ ಕೇಳಿರಿ. ಅದು ಖಣಿಲೆಂದರೆ ಹಾರೆಯನ್ನು ಕೆಳಗಿಟ್ಟು ಹಿಡಿಸೂಡಿಯನ್ನು ಕೈಗೆತ್ತಿಕೊಳ್ಳಿರಿ.